ಸಿಗ್ನಲ್ ಹಸಿರಾದ ಮೇಲೆ ಪಾಯಿಂಟ್ ತಿರುಗುತ್ತಾ, ಪಾಯಿಂಟ್ ತಿರುಗಿದ ಮೇಲೆ ಸಿಗ್ನಲ್ ಹಸಿರಾಗುತ್ತಾ?

ಕಿಟಕಿ ಸೀಟು:
ಕಳೆದ ವಾರ ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಹೋಗುತ್ತಿದ್ದೆ. ಬೀರೂರು ದಾಟಿದ ಮೇಲೆ ಒಂದು ಸಣ್ಣ ಸ್ಟೇಷನ್ನಿನ ಹೊರಗೆ ಗಾಡಿ ನಿಂತಿತು. ಹದಿನೈದು ನಿಮಿಷ ಅಲ್ಲಾಡಲಿಲ್ಲ. ಎದುರು ಸೀಟಿನ ಯಜಮಾನರು "ಕ್ರಾಸಿಂಗ್ ಇರಬೇಕು" ಅಂದು ಮತ್ತೆ ನಿದ್ದೆಗೆ ಜಾರಿದರು. ಹಳಿ ಬಾಗಿದ್ದ ಜಾಗ, ಹಾಗಾಗಿ ಕಿಟಕಿಯಿಂದಲೇ ಮುಂದಿನ ಸಿಗ್ನಲ್ ಕಾಣುತ್ತಿತ್ತು. ಕೆಂಪು ಹೋಗಿ ಹಳದಿ ಬಂತು. ಅದರ ತಲೆಯ ಮೇಲೆ ಓರೆಯಾಗಿ ಒಂದು ಸಾಲು ಬಿಳಿ ದೀಪ ಹತ್ತಿಕೊಂಡವು. ಗಾಡಿ ನಿಧಾನಕ್ಕೆ ಹೊರಟು, ಕಟಕಟ ಸದ್ದು ಮಾಡುತ್ತಾ ಪಕ್ಕದ ಲೈನಿಗೆ ಸರಿಯಿತು.

ಆವಾಗಿನಿಂದ ತಲೆಯಲ್ಲಿ ಒಂದೇ ಪ್ರಶ್ನೆ. ರೈಲಿಗೆ ಸ್ಟೇರಿಂಗ್ ಇಲ್ಲ. ಅಂದರೆ ತಿರುಗಿಸಿದ್ದು ಡ್ರೈವರ್ ಅಲ್ಲ. ಸ್ಟೇಷನ್ ಮಾಸ್ಟರ್ ಸಿಗ್ನಲ್ ಕೊಟ್ಟರೆ ಅದರ ಜೊತೆಗೆ ಹಳಿಯೂ ತಿರುಗುತ್ತದೆ ಎಂದು ನಾನು ಅಂದುಕೊಂಡಿದ್ದೆ. ಗೆಳೆಯ ಒಬ್ಬ ಉಲ್ಟಾ ಹೇಳುತ್ತಿದ್ದಾನೆ. ಯಾವುದು ಮೊದಲು? ಸಿಗ್ನಲ್ ಒಂದು ಹೇಳಿ ಹಳಿ ಇನ್ನೊಂದು ಕಡೆ ಇದ್ದರೆ ಏನು ಗತಿ?

ಕ್ಯಾಬಿನ್ ರಾಯರು:
ಪಾಯಿಂಟ್, ಅಂದರೆ ದಾರಿ ಬದಲಿಸುವ ಹಳಿ, ಮೊದಲು ತಮ್ಮಾ. ಯಾವತ್ತೂ ಪಾಯಿಂಟೇ ಮೊದಲು. ನಿಮ್ಮ ಗೆಳೆಯನಿಗೆ ಒಂದು ಕಾಫಿ ಕೊಡಿಸಿ.

ನಾನು ಕೆಲಸಕ್ಕೆ ಸೇರಿದಾಗ ಎಲ್ಲವೂ ಲಿವರ್. ಸ್ಟೇಷನ್ನಿನ ತುದಿಯಲ್ಲಿ ಒಂದು ಕ್ಯಾಬಿನ್. ಒಳಗೆ ಎದೆಮಟ್ಟದ ಲಿವರ್‌ಗಳ ಸಾಲು. ಕೆಂಪು ಬಳಿದದ್ದು ಸಿಗ್ನಲ್ಲಿನದು, ಕಪ್ಪು ಪಾಯಿಂಟಿನದು, ನೀಲಿ ಲಾಕಿನದು. ಬಿಳಿ ಬಳಿದದ್ದಕ್ಕೆ ಕೆಲಸವಿಲ್ಲ, ಸುಮ್ನೆ ನಿಂತಿರುತ್ತದೆ. ಗಾಡಿಯನ್ನು ಲೂಪಿಗೆ, ಅಂದರೆ ಮುಖ್ಯ ಲೈನಿನ ಪಕ್ಕದ ಲೈನಿಗೆ, ತೆಗೆದುಕೊಳ್ಳಬೇಕಾದರೆ ಮೊದಲು ಕಪ್ಪು ಎಳೆಯಬೇಕು, ಆಮೇಲೆ ನೀಲಿ, ಕೊನೆಗೆ ಕೆಂಪು. ಹೊಸ ಹುಡುಗರು ಅವಸರದಲ್ಲಿ ನೇರ ಕೆಂಪಿಗೆ ಕೈ ಹಾಕುತ್ತಿದ್ದರು. ಜಪ್ಪಯ್ಯ ಅಂದರೂ ಬರುತ್ತಿರಲಿಲ್ಲ. ನೆಲದ ಕೆಳಗೆ ಉಕ್ಕಿನ ಪಟ್ಟಿಗಳು ಒಂದರ ಕಚ್ಚಿನಲ್ಲಿ ಇನ್ನೊಂದು ಕೂತಿರುತ್ತವೆ. ಪಾಯಿಂಟಿನ ಪಟ್ಟಿ ಸರಿಯದಿದ್ದರೆ ಸಿಗ್ನಲ್ಲಿನ ಪಟ್ಟಿಗೆ ಜಾಗವೇ ಇಲ್ಲ. ಇದಕ್ಕೆ ಇಂಟರ್‌ಲಾಕಿಂಗ್ ಎನ್ನುತ್ತಾರೆ. ಇಂಗ್ಲೆಂಡಿನ ಜಾನ್ ಸ್ಯಾಕ್ಸ್‌ಬಿ 1856ರಲ್ಲಿ ಇಂಥದ್ದಕ್ಕೆ ಪೇಟೆಂಟ್ ಪಡೆದ. ಈಗ ಲಿವರ್ ಹೋಗಿ ಗುಂಡಿ, ದೀಪಗಳ ಪ್ಯಾನಲ್ ಬಂದಿದೆ, ಪ್ಯಾನಲ್ ಹೋಗಿ ಕಂಪ್ಯೂಟರ್ ಬಂದಿದೆ. ಕ್ರಮ ಮಾತ್ರ ಅದೇ.

ಇನ್ನು ಪಾಯಿಂಟ್ ಅಂದರೆ ಏನು ಅಂತ. ಎರಡು ಹಳಿ ಗಟ್ಟಿಯಾಗಿ ಕೂತಿರುತ್ತವೆ. ಅವುಗಳ ಒಳಗೆ ಎರಡು ಹಳಿ ತುದಿಯಲ್ಲಿ ಚೂಪಾಗಿ, ನಾಲಗೆಯ ಹಾಗೆ ಇರುತ್ತವೆ. ನಮ್ಮಲ್ಲಿ ಟಂಗ್ ರೈಲ್ ಎಂದೇ ಕರೆಯುವುದು. ಎರಡು ನಾಲಗೆಯೂ ಒಟ್ಟಿಗೆ ಆಚೆ ಈಚೆ ಸರಿಯುತ್ತವೆ. ಒಂದು ಅಂಟಿಕೊಂಡರೆ ಇನ್ನೊಂದು ಬಿಟ್ಟಿರುತ್ತದೆ. ಗಾಲಿಯ ಒಳಬದಿಯ ಅಂಚು ಬಿಟ್ಟ ಜಾಗದಲ್ಲಿ ತೂರಿಕೊಂಡು ಹೋಗುತ್ತದೆ. ಅಷ್ಟೇ ನಿಮ್ಮ ಸ್ಟೇರಿಂಗ್.

ಮರೆತಿದ್ದೆ. ರೈಲ್ವೆ ಭಾಷೆಯಲ್ಲಿ ಸಿಗ್ನಲ್ "ಆನ್" ಅಂದರೆ ನಿಲ್ಲು, "ಆಫ್" ಅಂದರೆ ಹೋಗು. ಮನೆಯಲ್ಲಿ ಮೊಮ್ಮಕ್ಕಳಿಗೆ ಇದನ್ನು ಹೇಳಿ ನಗೆಪಾಟಲಾಗಿದ್ದೇನೆ.

ಕಿಟಕಿ ಸೀಟು:
ರಾಯರೇ, ಧನ್ಯವಾದ. ಗೆಳೆಯನಿಗೆ ಕಾಫಿ ಖಾತ್ರಿ. ಆದರೆ ಉಕ್ಕಿನ ಪಟ್ಟಿ ಒಂದನ್ನೊಂದು ತಡೆಯುತ್ತದೆ ಅಂದರೆ ಅರ್ಥವಾಗುತ್ತದೆ. ಈಗ ಮೋಟಾರು, ತಂತಿ. ಅರ್ಧ ಕಿ.ಮೀ. ದೂರದ ನಾಲಗೆ ಸರಿಯಾಗಿ ಕೂತಿದೆಯೋ ಇಲ್ಲವೋ ಪ್ಯಾನಲ್ಲಿಗೆ ಹೇಗೆ ಗೊತ್ತಾಗುತ್ತದೆ?

ಟೆಸ್ಟ್ ಲ್ಯಾಂಪ್:
ಇದು ನನ್ನ ಇಲಾಖೆ. ಸಿಗ್ನಲ್ ವಿಭಾಗದಲ್ಲಿ ಸವೆದವನು.

ಪಾಯಿಂಟ್ ಪಕ್ಕ ಒಂದು ಉದ್ದನೆಯ ಕಬ್ಬಿಣದ ಪೆಟ್ಟಿಗೆ ನೋಡಿರುತ್ತೀರಿ. ಅದೇ ಪಾಯಿಂಟ್ ಮೆಷಿನ್. 110 ವೋಲ್ಟ್ ಡಿಸಿ ಮೋಟಾರು. ಗರ್ರ್ ಎಂದು ನಾಲ್ಕೈದು ಸೆಕೆಂಡು ತಿರುಗಿ ನಾಲಗೆಯನ್ನು ತಳ್ಳುತ್ತದೆ, ತಳ್ಳಿದ ಮೇಲೆ ಲಾಕ್ ಮಾಡುತ್ತದೆ. ಹಳೆಯ ಮಾದರಿಯ ಮೆಷಿನ್ನಿನ ತಳ್ಳು 143 ಮಿ.ಮೀ., ಈಗಿನ ದಪ್ಪ ನಾಲಗೆಗೆ 220 ಮಿ.ಮೀ.

ಆದರೆ "ತಳ್ಳಿದ್ದೇನೆ" ಎನ್ನುವುದು ಬೇರೆ, "ಕೂತಿದೆ" ಎನ್ನುವುದು ಬೇರೆ. ಮೋಟಾರು ತಿರುಗಿತು ಎಂದ ಮಾತ್ರಕ್ಕೆ ಸಿಗ್ನಲ್ ಸಿಗುವುದಿಲ್ಲ. ನಾಲಗೆಗಳಿಂದಲೇ ಬೇರೆ ಸರಳುಗಳು ಪೆಟ್ಟಿಗೆಯೊಳಗೆ ಬರುತ್ತವೆ. ಎರಡೂ ನಾಲಗೆ ತಮ್ಮ ತಮ್ಮ ಜಾಗಕ್ಕೆ ಬಂದು ಲಾಕ್ ಬಿದ್ದರೆ ಮಾತ್ರ ಒಳಗಿನ ಕಾಂಟ್ಯಾಕ್ಟ್ ಕೂಡುತ್ತದೆ. ಅಲ್ಲಿಂದ ಕರೆಂಟ್ ವಾಪಸ್ ರಿಲೇ ರೂಮಿಗೆ. ರಿಲೇ ಅಂದರೆ ಕರೆಂಟ್ ಬಂದರೆ ಏಳುವ, ಹೋದರೆ ಬೀಳುವ ಸ್ವಿಚ್. ಇದಕ್ಕೆ ಡಿಟೆಕ್ಷನ್ ಎನ್ನುತ್ತೇವೆ. ನಾಲಗೆಗೂ ಹಳಿಗೂ ನಡುವೆ 5 ಮಿ.ಮೀ. ದಪ್ಪದ ಪಟ್ಟಿ ಇಟ್ಟು ಪರೀಕ್ಷೆ ಮಾಡುವುದು ನಮ್ಮ ನಿತ್ಯದ ಕೆಲಸ. ಪಟ್ಟಿ ಇದ್ದಾಗ ಪಾಯಿಂಟ್ ಲಾಕ್ ಆಗಬಾರದು, ಡಿಟೆಕ್ಷನ್ ಬರಬಾರದು. ಬಂದರೆ ಆ ಪಾಯಿಂಟ್ ಸುಳ್ಳು ಹೇಳುತ್ತಿದೆ ಎಂದರ್ಥ.

ಒಂದು ಜಲ್ಲಿಕಲ್ಲು ಸಿಕ್ಕಿಕೊಂಡರೂ ಸಾಕು. ಮೋಟಾರು ತಿಣುಕುತ್ತದೆ, ಕ್ಲಚ್ ಜಾರುತ್ತದೆ, ಪ್ಯಾನಲ್ ಮೇಲೆ ದೀಪ ಮಿಣುಕುತ್ತದೆ. ಸಿಗ್ನಲ್ ಕೆಂಪಿನಲ್ಲೇ ಇರುತ್ತದೆ. ಒಳಗೆ ಕೂತ ನೀವು "ಸುಮ್ನೆ ನಿಲ್ಲಿಸಿದ್ದಾರೆ" ಎಂದು ಬಯ್ಯುತ್ತೀರಿ.

ಹಾಸನದ ಹೇಮಾ:
ನಾನು ಎಲೆಕ್ಟ್ರಾನಿಕ್ಸ್ ಪಾಠ ಮಾಡುವವಳು, ಅದಕ್ಕೇ ಕೇಳುತ್ತೇನೆ. ಪಾಯಿಂಟ್ ಸರಿ ಇದೆ ಅಂದುಕೊಳ್ಳೋಣ. ಆ ಲೈನಿನಲ್ಲಿ ಆಗಲೇ ಒಂದು ಗಾಡಿ ನಿಂತಿದ್ದರೆ? ಸ್ಟೇಷನ್ ಮಾಸ್ಟರ್ ಕಿಟಕಿಯಿಂದ ಇಣುಕಿ ನೋಡುತ್ತಾರಾ?

ಕ್ಯಾಬಿನ್ ರಾಯರು:
ಇಣುಕಿ ನೋಡುವ ಕಾಲವೂ ಇತ್ತು ತಾಯಿ. ಮಳೆಯಲ್ಲಿ, ಮಂಜಿನಲ್ಲಿ, ರಾತ್ರಿ ಎರಡು ಗಂಟೆಗೆ ಇಣುಕಿ ನೋಡಿದ್ದೇವೆ. ಕೊನೆಯ ಬೋಗಿಯ ಹಿಂದೆ ಕೆಂಪು ದೀಪ ಇದೆಯೇ ಎಂದು ನೋಡಬೇಕು. ಇದ್ದರೆ ಗಾಡಿ ಪೂರ್ತಿ ಬಂತು. ಇಲ್ಲದಿದ್ದರೆ ಬೋಗಿಗಳು ದಾರಿಯಲ್ಲಿ ಕಳಚಿಕೊಂಡಿರಬಹುದು.

1995ರ ಆಗಸ್ಟ್ 20, ಉತ್ತರ ಪ್ರದೇಶದ ಫಿರೋಜಾಬಾದ್. ಕಾಳಿಂದಿ ಎಕ್ಸ್‌ಪ್ರೆಸ್ ನೀಲಗಾಯ್‌ಗೆ ಡಿಕ್ಕಿ ಹೊಡೆದು ಬ್ರೇಕ್ ಸಿಕ್ಕಿಕೊಂಡು ನಿಂತುಬಿಟ್ಟಿತು. ಹಿಂದಿನ ಸ್ಟೇಷನ್‌ನವರು ಲೈನ್ ಖಾಲಿ ಎಂದುಕೊಂಡು ಪುರುಷೋತ್ತಮ ಎಕ್ಸ್‌ಪ್ರೆಸ್ ಬಿಟ್ಟರು. ಮುನ್ನೂರಕ್ಕೂ ಜಾಸ್ತಿ ಜನ ಹೋದರು. ಆ ಸುದ್ದಿ ಕೇಳಿದ ರಾತ್ರಿ ನಾನು ಡ್ಯೂಟಿಯಲ್ಲಿದ್ದೆ. ಇದರ ಮೇಲೆ ಹೆಚ್ಚು ಬರೆಯಲಾರೆ. ಟೆಸ್ಟ್ ಲ್ಯಾಂಪ್, ನೀವು ಟ್ರ್ಯಾಕ್ ಸರ್ಕ್ಯೂಟ್ ಹೇಳಿ.

ಟೆಸ್ಟ್ ಲ್ಯಾಂಪ್:
ಹೇಮಾ ಅವರೇ, ನಿಮಗೆ ಇದು ಇಷ್ಟವಾಗುತ್ತದೆ, ಯಾಕೆಂದರೆ ಇದು ಹೈಸ್ಕೂಲ್ ಭೌತಶಾಸ್ತ್ರ. ಲೈನನ್ನು ತುಂಡು ತುಂಡಾಗಿ ಮಾಡಿ, ತುಂಡುಗಳ ನಡುವೆ ಕರೆಂಟ್ ಹಾಯದ ಜೋಡಣೆ ಹಾಕುತ್ತೇವೆ. ಒಂದು ತುದಿಯಲ್ಲಿ ಬ್ಯಾಟರಿ. ಪ್ಲಸ್ ಒಂದು ಹಳಿಗೆ, ಮೈನಸ್ ಇನ್ನೊಂದಕ್ಕೆ. ಇನ್ನೊಂದು ತುದಿಯಲ್ಲಿ ರಿಲೇ. ಲೈನ್ ಖಾಲಿ ಇದ್ದರೆ ಕರೆಂಟ್ ಹರಿದು ರಿಲೇ ಎದ್ದು ನಿಂತಿರುತ್ತದೆ. ಗಾಡಿ ಬಂದರೆ ಗಾಲಿ ಮತ್ತು ಅಚ್ಚು ಎರಡು ಹಳಿಯನ್ನೂ ಕೂಡಿಸಿಬಿಡುತ್ತವೆ. ಕರೆಂಟ್ ಅಲ್ಲಿಂದಲೇ ವಾಪಸ್. ರಿಲೇ ಬೀಳುತ್ತದೆ, ಲೈನ್ ಖಾಲಿ ಇಲ್ಲ ಎಂದು ಪ್ಯಾನಲ್ ಮೇಲೆ ಕೆಂಪು ಪಟ್ಟಿ. 1872ರಲ್ಲಿ ಅಮೆರಿಕದ ವಿಲಿಯಂ ರಾಬಿನ್ಸನ್ ಮಾಡಿದ್ದು.

ಇದರ ಸೊಗಸು ಎಲ್ಲಿದೆ ನೋಡಿ. ಗಾಡಿ ಬಂದಾಗ ಕರೆಂಟ್ ಹರಿಯುವ ಹಾಗೆ ಮಾಡಬಹುದಿತ್ತು. ಆದರೆ ತಂತಿ ಕಿತ್ತುಹೋದರೆ ಗಾಡಿ ಕಾಣುತ್ತಲೇ ಇರಲಿಲ್ಲ. ಇಲ್ಲಿ ಉಲ್ಟಾ. ಬ್ಯಾಟರಿ ಸತ್ತರೂ ರಿಲೇ ಬೀಳುತ್ತದೆ, ತಂತಿ ಕಿತ್ತರೂ ಬೀಳುತ್ತದೆ, ಹಳಿ ಪೂರ್ತಿ ತುಂಡಾದರೂ ಸಾಮಾನ್ಯವಾಗಿ ಬೀಳುತ್ತದೆ. ಎಲ್ಲ ತೊಂದರೆಗೂ ಒಂದೇ ಉತ್ತರ: ಕೆಂಪು. ಸಿಗ್ನಲ್ ರಿಲೇಗಳು ಕೆಳಗೆ ಬೀಳುವುದು ತಮ್ಮ ತೂಕದಿಂದಲೇ. ಭೂಮಿಯ ಸೆಳೆತ ಕೈಕೊಡುವುದಿಲ್ಲ ಎನ್ನುವ ನಂಬಿಕೆ.

ತೊಂದರೆ ಇಲ್ಲವೆಂದಲ್ಲ. ಮಲೆನಾಡಿನ ಮಳೆಯಲ್ಲಿ ಜಲ್ಲಿ ನೆನೆದು ಕರೆಂಟ್ ಸೋರುತ್ತದೆ. ಗಾಡಿ ಇಲ್ಲದೆಯೇ ರಿಲೇ ಬೀಳುತ್ತದೆ. ತುಕ್ಕು ಹಿಡಿದ ಹಳಿಯ ಮೇಲೆ ಇದಕ್ಕಿಂತ ಕೆಟ್ಟದ್ದು: ಗಾಡಿ ಇದ್ದರೂ ಸರಿಯಾಗಿ ಕೂಡಿಕೊಳ್ಳದೆ ಹೋಗಬಹುದು. ಹಾಗಾಗಿ ಈಗ ಆಕ್ಸಲ್ ಕೌಂಟರ್ ಜಾಸ್ತಿ. ಈ ತುದಿಯಲ್ಲಿ ಎಷ್ಟು ಅಚ್ಚು ಒಳಗೆ ಹೋಯಿತು, ಆ ತುದಿಯಲ್ಲಿ ಎಷ್ಟು ಹೊರಗೆ ಬಂತು. ಲೆಕ್ಕ ತಾಳೆಯಾದರೆ ಖಾಲಿ. ಮದುವೆ ಊಟದ ಎಲೆ ಎಣಿಸಿದ ಹಾಗೆ.

ಗೇಟ್ ಕಾಯುವವ:
ಸಿಗ್ನಲ್ ಪಾಯಿಂಟ್ ಎಲ್ಲ ಸರಿ ಸ್ವಾಮಿ. ನಮ್ಮೂರ ಗೇಟನ್ನು ರೈಲು ಬರುವ ಹತ್ತು ನಿಮಿಷ ಮೊದಲೇ ಹಾಕಿ ಕೂರುತ್ತಾರಲ್ಲ, ಅದಕ್ಕೂ ನಿಮ್ಮ ಇಂಟರ್‌ಲಾಕಿಂಗೇ ಕಾರಣವಾ? ರೈಲಿನ ಸುಳಿವೇ ಇರುವುದಿಲ್ಲ. ನಾವು ಬೈಕ್ ಆಫ್ ಮಾಡಿ ಕಡಲೆಕಾಯಿ ತಿಂದು ಮುಗಿಸಿರುತ್ತೇವೆ.

ಗೂಡ್ಸ್ ಗುಂಡಣ್ಣ:
ಹೌದು ಗುರು, ಅದೇ ಕಾರಣ. ಇಂಜಿನ್ ಕಡೆಯಿಂದ ನೋಡಿ ಹೇಳುತ್ತೇನೆ, ಅರ್ಧ ಆಯಸ್ಸು ಅಲ್ಲೇ ಕಳೆದವನು.

110 ಕಿ.ಮೀ. ವೇಗದ ಗಾಡಿ ಸೆಕೆಂಡಿಗೆ 30 ಮೀಟರ್ ಓಡುತ್ತದೆ. ತುರ್ತು ಬ್ರೇಕ್ ಹಾಕಿದರೂ ನಿಲ್ಲಲು ಹತ್ತಿರ ಹತ್ತಿರ ಒಂದು ಕಿ.ಮೀ. ಬೇಕು. ಸಿಗ್ನಲ್ ಕಣ್ಣಿಗೆ ಬಿದ್ದ ಮೇಲೆ ಬ್ರೇಕ್ ಹಾಕಿದರೆ ಕೆಲಸ ಕೆಟ್ಟ ಹಾಗೆಯೇ. ಅದಕ್ಕೆ ಮೊದಲೇ ಸುದ್ದಿ ಕೊಡುವ ಡಿಸ್ಟೆಂಟ್ ಸಿಗ್ನಲ್ ಇದೆ. ಗಾಡಿಯನ್ನು ಸ್ಟೇಷನ್ನಿನೊಳಗೆ ಬಿಡುವ ಹೋಮ್ ಸಿಗ್ನಲ್ಲಿಗಿಂತ 1 ಕಿ.ಮೀ. ಹಿಂದೆ ಒಂದು, ವೇಗದ ಮಾರ್ಗದಲ್ಲಿ 2 ಕಿ.ಮೀ. ಹಿಂದೆ ಇನ್ನೊಂದು. ಆ ಮೊದಲನೆಯದು ನನಗೆ ಹಸಿರು ಕಾಣಬೇಕಾದರೆ ಮುಂದಿನದೆಲ್ಲ ಆಗಲೇ ಸಿದ್ಧವಾಗಿರಬೇಕು. ಗೇಟ್ ಬಿದ್ದು ಲಾಕ್ ಆಗಿರಬೇಕು. ಗೇಟಿನವ ಕೊನೆಯ ಲಾರಿಯನ್ನು ಬಿಟ್ಟು, ಗೇಟ್ ಇಳಿಸಿ, ಆಮೇಲೆ ಸಿಗ್ನಲ್ ಬಂದು, ಆಮೇಲೆ ನಾನು ಅದನ್ನು ದೂರದಿಂದ ನೋಡಿ, ಆಮೇಲೆ ಅಲ್ಲಿಗೆ ತಲುಪಿ… ಕೂಡಿಸಿ ನೋಡಿ. ನಿಮ್ಮ ಕಡಲೆಕಾಯಿ ಮುಗಿಯುವ ಹೊತ್ತು ಬಂತು. ಒಂದಾದ ಮೇಲೆ ಎದುರಿನಿಂದ ಇನ್ನೊಂದು ಗಾಡಿ ಇದ್ದರೆ ಇನ್ನೊಂದು ಪೊಟ್ಟಣ.

ಕಿಟಕಿ ಸೀಟು ಅವರೇ, ನೀವು ನೋಡಿದ ಓರೆ ಬಿಳಿ ದೀಪಕ್ಕೆ ರೂಟ್ ಇಂಡಿಕೇಟರ್ ಎನ್ನುತ್ತಾರೆ. ಐದು ದೀಪ. "ಪಕ್ಕದ ಲೈನಿಗೆ ಕಳಿಸುತ್ತಿದ್ದೇನೆ, ವೇಗ ಇಳಿಸು" ಎಂದರ್ಥ. ನಮ್ಮಲ್ಲಿ ಸಾಮಾನ್ಯವಾಗಿ ಲೂಪಿಗೆ ತಿರುಗುವ ಜಾಗದಲ್ಲಿ 30 ಕಿ.ಮೀ., ಕೆಲವು ಕಡೆ 15. ಅದಕ್ಕೂ ಹಿಂದಿನ ಡಿಸ್ಟೆಂಟಿನಲ್ಲಿ ಎರಡು ಹಳದಿ ಒಟ್ಟಿಗೆ ಕಾಣುತ್ತವೆ. ಅಲ್ಲಿಂದಲೇ ನಾವು ತಯಾರು. ನಾನು ಕೈ ತೋರಿಸಿ "ಡಬಲ್ ಯೆಲ್ಲೋ" ಎಂದು ಗಟ್ಟಿಯಾಗಿ ಕೂಗುತ್ತೇನೆ, ಸಹಾಯಕನೂ ಕೂಗಬೇಕು. ಬೇರೆ ಯಾರೂ ಇಲ್ಲದ ಕ್ಯಾಬಿನ್ನಿನಲ್ಲಿ ಇಬ್ಬರು ಗಂಡಸರು ರಾತ್ರಿಯೆಲ್ಲ ಬಣ್ಣಗಳ ಹೆಸರು ಕೂಗಿಕೊಳ್ಳುವುದು ಹೊರಗಿನವರಿಗೆ ತಮಾಷೆಯಾಗಿ ಕಾಣಬಹುದು.

ಘಟ್ಟದ ಕಡೆಯವಳು:
ನಮ್ಮ ಕಡೆಯ ಇನ್ನೊಂದು ವಿಚಿತ್ರ ಸೇರಿಸುತ್ತೇನೆ. ಕ್ಯಾಸಲ್ ರಾಕ್‌ನಿಂದ ಕುಳೆಂ ಕಡೆಗೆ ಇಳಿಯುವ ಘಟ್ಟದಲ್ಲಿ 37 ಅಡಿಗೆ 1 ಅಡಿ ಇಳಿಜಾರು. ಇಂಥ ಘಟ್ಟಗಳಲ್ಲಿ ಕ್ಯಾಚ್ ಸೈಡಿಂಗ್ ಎಂದು ಇರುತ್ತದೆ. ಎಲ್ಲಿಗೂ ಹೋಗದ ಹಳಿ, ಏರಿಗೆ ಹತ್ತಿ ನಿಂತುಬಿಡುತ್ತದೆ. ಪಾಯಿಂಟ್ ಯಾವಾಗಲೂ ಅದರ ಕಡೆಗೇ ತಿರುಗಿರುತ್ತದೆ. ಇಳಿದು ಬಂದ ಗಾಡಿ ಮೊದಲು ನಿಲ್ಲಬೇಕು, ಬ್ರೇಕ್ ಹಿಡಿತದಲ್ಲಿದೆ ಎಂದು ತೋರಿಸಬೇಕು, ಆಮೇಲೆ ಸರಿಯಾದ ದಾರಿ. ನಿಲ್ಲಲು ಆಗದೇ ಹೋದರೆ ನೇರ ಆ ಏರಿಗೆ. ಅಲ್ಲಿ ಪಾಯಿಂಟಿಗೆ ಗಾಡಿಯ ಮೇಲೆ ನಂಬಿಕೆಯೇ ಇಲ್ಲ ಅಂತ ನಮ್ಮಪ್ಪ ಹೇಳುತ್ತಿದ್ದರು.

ಸೀದಾ ಮಾತು:
ಇಷ್ಟು ಹೊತ್ತು ಓದಿದೆ. ಎಲ್ಲ ಚೆನ್ನಾಗಿದೆ. ಎಲ್ಲ ತೊಂದರೆಗೂ ಕೆಂಪು, ಪಾಯಿಂಟ್ ಕೂರದೆ ಹಸಿರಿಲ್ಲ, ಇತ್ಯಾದಿ. ಹಾಗಾದರೆ ಬಹಾನಗಾ ಬಜಾರಿನಲ್ಲಿ ಏನಾಯಿತು? ಕೋರಮಂಡಲಕ್ಕೆ ಹಸಿರು ಇತ್ತಲ್ವಾ? ಕಥೆ ಹೇಳುವುದು ಸುಲಭ.

ಟೆಸ್ಟ್ ಲ್ಯಾಂಪ್:
ಈ ಪ್ರಶ್ನೆ ಬರುತ್ತದೆ ಎಂದು ಗೊತ್ತಿತ್ತು. ಬರಲೇಬೇಕು.

2023ರ ಜೂನ್ 2, ಸಂಜೆ ಏಳರ ಹೊತ್ತು. ಒಡಿಶಾದ ಬಾಲಸೋರ್ ಹತ್ತಿರದ ಸಣ್ಣ ಸ್ಟೇಷನ್. ಕೋರಮಂಡಲ ಎಕ್ಸ್‌ಪ್ರೆಸ್‌ಗೆ ಮುಖ್ಯ ಲೈನಿನಲ್ಲಿ ನೇರ ಹೋಗಲು ಹಸಿರು. ಗಾಡಿಯ ವೇಗ 128. ನೆಲದ ಮೇಲೆ ಪಾಯಿಂಟ್ ಮಾತ್ರ ಲೂಪಿಗೆ ತಿರುಗಿತ್ತು. ಲೂಪಿನಲ್ಲಿ ಗೂಡ್ಸ್ ನಿಂತಿತ್ತು. ಪಕ್ಕದ ಲೈನಿನಲ್ಲಿ ಅದೇ ಹೊತ್ತಿಗೆ ನಮ್ಮ ಬೆಂಗಳೂರಿನಿಂದ ಹೌರಾಗೆ ಹೋಗುತ್ತಿದ್ದ ಗಾಡಿ. ಅದರ ಕೊನೆಯ ಬೋಗಿಗಳೂ ಸಿಕ್ಕಿಕೊಂಡವು. ಸತ್ತವರು 290ಕ್ಕೂ ಜಾಸ್ತಿ.

ರೈಲ್ವೆ ಸುರಕ್ಷತಾ ಆಯುಕ್ತರ ತನಿಖೆ ತೋರಿಸಿದ್ದು ತಂತಿಯನ್ನು. ಸ್ಟೇಷನ್ನಿನ ಉತ್ತರದ ಕಡೆಯ ಸಿಗ್ನಲ್ ಗುಮಟಿಯಲ್ಲಿ, ಅಂದರೆ ಸಿಗ್ನಲ್ ಉಪಕರಣ ಇಡುವ ಸಣ್ಣ ಕೋಣೆಯಲ್ಲಿ, ಹಿಂದೆ ಎಂದೋ ಸರ್ಕ್ಯೂಟ್ ಬದಲಿಸಿದಾಗ ತಪ್ಪಾಗಿತ್ತು. ಅಪಘಾತದ ದಿನ 94ನೇ ನಂಬರಿನ ಗೇಟಿನ ವಿದ್ಯುತ್ ತಡೆಗಂಬ ಬದಲಿಸುವ ಕೆಲಸ ನಡೆಯುತ್ತಿತ್ತು. ಆ ಕೆಲಸದಲ್ಲಿ ತಂತಿ ಜೋಡಿಸಿದಾಗ ಹಳೆಯ ತಪ್ಪು ಎದ್ದು ಕೂತಿತು. ಪಾಯಿಂಟ್ ಲೂಪಿಗೆ ಇದ್ದರೂ "ನೇರ ಇದೆ" ಎಂಬ ಸುದ್ದಿ ಒಳಗೆ ಹೋಯಿತು. ಇಂಟರ್‌ಲಾಕಿಂಗ್ ತನಗೆ ಬಂದ ಸುದ್ದಿಯ ಪ್ರಕಾರ ಸರಿಯಾಗಿಯೇ ಕೆಲಸ ಮಾಡಿತು. ಹಸಿರು ಕೊಟ್ಟಿತು.

ಸೀದಾ ಮಾತು, ನಾನು ಮೇಲೆ ಬರೆದದ್ದು ಸುಳ್ಳಲ್ಲ. ತಂತಿ ಕಿತ್ತರೆ ಕೆಂಪು, ಅದು ನಿಜ. ತಂತಿ ಬೇರೆ ತಂತಿಗೆ ಕೂಡಿದರೆ? ಆಗ ಕೆಂಪು ಬರುವುದಿಲ್ಲ. ಸಿಗ್ನಲ್ ಅಪ್ಪಣೆಯಲ್ಲ ಎಂದು ನಾನು ಹೊಸಬರಿಗೆ ಹೇಳುತ್ತಿದ್ದೆ. ಸಿಗ್ನಲ್ ಒಂದು ಸಾಕ್ಷಿ. ಪಾಯಿಂಟ್ ಏನು ಹೇಳಿತೋ ಅದನ್ನು ಡ್ರೈವರಿಗೆ ಮುಟ್ಟಿಸುತ್ತದೆ. ನಡುವೆ ಯಾರೋ ಸಾಕ್ಷಿಯ ಬಾಯಿಗೆ ಬೇರೆ ಮಾತು ತುರುಕಿದರೆ ಅದಕ್ಕೆ ತಿಳಿಯುವುದಿಲ್ಲ.

ಕಿಟಕಿ ಸೀಟು:
ಅಂದರೆ ಸಿಗ್ನಲ್ ಒಂದು ಹೇಳಿ ಹಳಿ ಇನ್ನೊಂದು ಕಡೆ ಇದ್ದರೆ ಏನು ಗತಿ ಎಂದು ಮೊದಲು ಕೇಳಿದ್ದೆನಲ್ಲ, ಅದಕ್ಕೆ ಇದೇ ಉತ್ತರ. ಕೇಳಬಾರದಿತ್ತು ಅನ್ನಿಸುತ್ತಿದೆ.

ಗೂಡ್ಸ್ ಗುಂಡಣ್ಣ:
ಕೇಳಿದ್ದು ಒಳ್ಳೆಯದಾಯಿತು. ಯಾಕೆಂದರೆ ಅದಕ್ಕೆ ನಾಲ್ಕು ತಿಂಗಳ ಹಿಂದೆ ಇಂಥದ್ದೇ ಒಂದು ನಮ್ಮಲ್ಲೇ ಆಗಿತ್ತು. 2023ರ ಫೆಬ್ರವರಿ 8. ಬೀರೂರು–ಚಿಕ್ಕಜಾಜೂರು ನಡುವಿನ ಹೊಸದುರ್ಗ ರೋಡ್ ಸ್ಟೇಷನ್. ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ಅಲ್ಲಿಂದ ಹೊರಟಿತ್ತು. ಪ್ಯಾನಲ್ ಮೇಲೆ ದಾರಿ ಸರಿಯಾಗಿ ತೋರಿಸುತ್ತಿತ್ತು. ಮುಂದೆ ಪಾಯಿಂಟ್ ನೋಡಿದರೆ ಎದುರಿನಿಂದ ಗಾಡಿ ಬರುವ ಲೈನಿಗೆ ತಿರುಗಿದೆ. ಲೋಕೋ ಪೈಲಟ್ ನೋಡಿದ, ನಿಲ್ಲಿಸಿದ. ಮರುದಿನವೇ ನೈಋತ್ಯ ರೈಲ್ವೆಯ ಹಿರಿಯ ಅಧಿಕಾರಿ ಪತ್ರ ಬರೆದರು. ಗಾಡಿ ಹೊರಟ ಮೇಲೂ ದಾರಿ ಬದಲಾಗುತ್ತದೆ ಎಂದರೆ ವ್ಯವಸ್ಥೆಯಲ್ಲೇ ದೊಡ್ಡ ದೋಷವಿದೆ, ತಕ್ಷಣ ಸರಿಪಡಿಸಬೇಕು ಎಂದು. ಆ ಪತ್ರ ಎಲ್ಲರ ಕಣ್ಣಿಗೆ ಬಿದ್ದದ್ದು ಬಹಾನಗಾ ಆದ ಮೇಲೆ.

ಅವನಿಗೆ ಹೇಗೆ ಕಂಡಿತು, ಕೋರಮಂಡಲದವನಿಗೆ ಯಾಕೆ ಕಾಣಲಿಲ್ಲ ಎಂದು ಯಾರಾದರೂ ಕೇಳುವ ಮೊದಲು ನಾನೇ ಹೇಳುತ್ತೇನೆ. ಒಬ್ಬ ಸ್ಟೇಷನ್ನಿನಿಂದ ಆಗ ತಾನೇ ಹೊರಟಿದ್ದ, ನಿಧಾನ. ಇನ್ನೊಬ್ಬ ಸೆಕೆಂಡಿಗೆ 35 ಮೀಟರ್. ನಾಲಗೆ ಬಿಟ್ಟಿರುವ ಸಂದು ಒಂದು ಗೇಣಿಗಿಂತ ಕಡಿಮೆ. ಆ ವೇಗದಲ್ಲಿ, ಆ ಬೆಳಕಿನಲ್ಲಿ ಅದು ಕಾಣುವಷ್ಟರಲ್ಲಿ ಅದರ ಮೇಲೆಯೇ ಇರುತ್ತೇವೆ. ಹಸಿರು ನೋಡಿ ಓಡಿಸಿದವನ ಮೇಲೆ ಯಾರೂ ಬೆರಳು ತೋರಿಸಬೇಡಿ.

ಲೀಡ್ಸ್ ಲಿಂಗರಾಜು:
ಇಲ್ಲಿ ಇಂಗ್ಲೆಂಡಿನಲ್ಲಿ ಸಿಗ್ನಲ್ ಕೆಲಸದವರಿಗೆ ಕ್ಲಾಪಮ್ ಎಂಬ ಹೆಸರು ಪಾಠದ ಹಾಗೆ ಬಾಯಿಗೆ ಬರುತ್ತದೆ. 1988ರ ಡಿಸೆಂಬರ್ 12, ಲಂಡನ್ನಿನ ಕ್ಲಾಪಮ್ ಜಂಕ್ಷನ್ ಹತ್ತಿರ. 35 ಜನ ಸತ್ತರು. ಅಲ್ಲೂ ಒಂದು ತಂತಿ. ಹೊಸ ವೈರಿಂಗ್ ಹಾಕುವಾಗ ಹಳೆಯ ತಂತಿಯ ಒಂದು ತುದಿ ಕಳಚಿ, ಕತ್ತರಿಸದೆ ಪಕ್ಕಕ್ಕೆ ಬಗ್ಗಿಸಿ ಇಟ್ಟಿದ್ದರು. ಇನ್ನೊಂದು ತುದಿ ಹಾಗೇ ಜೋಡಿಸಿತ್ತು. ಕೆಲವು ದಿನಗಳ ಮೇಲೆ ಪಕ್ಕದಲ್ಲಿ ಬೇರೆ ಕೆಲಸ ಮಾಡುವಾಗ ತಂತಿ ಅಲುಗಾಡಿ ಹಳೆಯ ಜಾಗಕ್ಕೇ ಮುಟ್ಟಿಕೊಂಡಿತು. ಟ್ರ್ಯಾಕ್ ಸರ್ಕ್ಯೂಟಿನ ರಿಲೇ ಬಿದ್ದರೂ ಸಿಗ್ನಲ್ಲಿಗೆ ಬೇರೆ ದಾರಿಯಲ್ಲಿ ಕರೆಂಟ್ ಸಿಕ್ಕಿತು. ಮುಂದೆ ಗಾಡಿ ಇದ್ದರೂ ಸಿಗ್ನಲ್ ಕೆಂಪಾಗಲಿಲ್ಲ.

ಆ ತಂತಿ ಹಾಕಿದವನಿಗೆ ಹಿಂದಿನ 13 ವಾರಗಳಲ್ಲಿ ಸಿಕ್ಕಿದ್ದು ಒಂದು ದಿನದ ರಜೆ. ತನಿಖೆಯ ವರದಿಯಲ್ಲೇ ಇದೆ. ಅದಾದ ಮೇಲೆ ಕೆಲಸದ ಗಂಟೆಗಳಿಗೆ ಮಿತಿ ಬಂತು. ಒಬ್ಬ ಜೋಡಿಸಿದ ತಂತಿಯನ್ನು ಅವನ ಹೊರತು ಇನ್ನೊಬ್ಬ ಎಣಿಸಿ ಪರೀಕ್ಷಿಸಬೇಕು ಎನ್ನುವುದು ಬಿಗಿಯಾಯಿತು.

ಸೀದಾ ಮಾತು:
ಸರಿ, ನನ್ನ ಮಾತು ಒರಟಾಯಿತು, ಬೇಜಾರಾಗಬೇಡಿ. ಆದರೂ ಒಂದು. ಈಗ ಕವಚ ಬರುತ್ತಿದೆಯಲ್ಲ. ಅದು ಬಂದರೆ ಇದೆಲ್ಲ ಮುಗಿಯಿತು ಅಲ್ವಾ?

ಹಾಸನದ ಹೇಮಾ:
ಇದಕ್ಕೆ ನಾನು ಉತ್ತರಿಸಬಹುದು ಅನ್ನಿಸುತ್ತದೆ. ತಪ್ಪಿದ್ದರೆ ಟೆಸ್ಟ್ ಲ್ಯಾಂಪ್ ತಿದ್ದಲಿ. ಕವಚದಲ್ಲಿ ಹಳಿಯ ನಡುವೆ ಟ್ಯಾಗ್‌ಗಳಿರುತ್ತವೆ, ಇಂಜಿನ್ ಅವನ್ನು ಓದಿ ತಾನೆಲ್ಲಿದ್ದೇನೆ ಎಂದು ತಿಳಿಯುತ್ತದೆ. ಸ್ಟೇಷನ್ನಿನಿಂದ ರೇಡಿಯೋ ಮೂಲಕ ಮುಂದಿನ ಸಿಗ್ನಲ್ ಏನೆಂದು ಬರುತ್ತದೆ. ಡ್ರೈವರ್ ಕೆಂಪು ದಾಟಲು ಹೋದರೆ, ವೇಗ ಮೀರಿದರೆ, ತಾನೇ ಬ್ರೇಕ್ ಹಾಕುತ್ತದೆ. ಮೊದಲ ಪ್ರಯೋಗದ ಮಾರ್ಗಗಳಲ್ಲಿ ನಮ್ಮ ವಾಡಿ ಮತ್ತು ಬೀದರ್ ಕಡೆಯವೂ ಇದ್ದವು. 2020ರಲ್ಲಿ ಇಡೀ ದೇಶಕ್ಕೆ ಇದೇ ಎಂದು ಒಪ್ಪಿಕೊಂಡರು.

ಆದರೆ ಮುಂದಿನ ಸಿಗ್ನಲ್ ಹಸಿರು ಎಂದು ಕವಚಕ್ಕೆ ಹೇಳುವವರು ಯಾರು? ಅದೇ ಇಂಟರ್‌ಲಾಕಿಂಗ್. ಅದಕ್ಕೇ ಸುಳ್ಳು ಸುದ್ದಿ ಹೋಗಿದ್ದರೆ ಕವಚವೂ ಅದನ್ನೇ ನಂಬುತ್ತದೆ. ಡ್ರೈವರಿನ ತಪ್ಪಿಗೆ ಅದು ಒಳ್ಳೆಯ ಔಷಧಿ. ತಂತಿಯ ತಪ್ಪಿಗಲ್ಲ.

ಟೆಸ್ಟ್ ಲ್ಯಾಂಪ್:
ತಿದ್ದುವುದು ಏನೂ ಇಲ್ಲ ಮೇಡಂ.

ಒಂದು ನನ್ನದೇ ಕಥೆ ಹೇಳಿ ಸುಮ್ಮನಾಗುತ್ತೇನೆ. ಊರು ಬೇಡ, ವರ್ಷವೂ ಬೇಡ. ಒಂದು ಪಾಯಿಂಟ್ ಡಿಟೆಕ್ಷನ್ ಕೊಡುತ್ತಿರಲಿಲ್ಲ. ಮಳೆ. ಹಿಂದೆ ಮೂರು ಗಾಡಿ ಕಾಯುತ್ತಿವೆ. ನಿಯಮ ಏನೆಂದರೆ, ನಾನು ಸ್ಟೇಷನ್ ಮಾಸ್ಟರಿಗೆ ಡಿಸ್‌ಕನೆಕ್ಷನ್ ಮೆಮೊ ಕೊಡಬೇಕು. ಅವರು ಸಹಿ ಹಾಕಬೇಕು. ಆಮೇಲೆ ಆ ಪಾಯಿಂಟ್ ಲೆಕ್ಕದಲ್ಲಿ ಇಲ್ಲ. ಕ್ರ್ಯಾಂಕ್ ಹ್ಯಾಂಡಲ್ ಹಾಕಿ ಕೈಯಲ್ಲಿ ತಿರುಗಿಸಿ, ಕ್ಲಾಂಪ್ ಬಿಗಿದು, ಬೀಗ ಹಾಕಿ, ಡ್ರೈವರಿಗೆ ಕಾಗದದ ಮೇಲೆ ಅನುಮತಿ ಕೊಟ್ಟು ನಿಧಾನಕ್ಕೆ ಗಾಡಿ ದಾಟಿಸಬೇಕು. ಒಂದೊಂದು ಗಾಡಿಗೂ ಇಷ್ಟು ಕೆಲಸ. ಫೋನಿನಲ್ಲಿ ಕಂಟ್ರೋಲಿನವರು ಎಷ್ಟು ಹೊತ್ತು, ಎಷ್ಟು ಹೊತ್ತು ಎನ್ನುತ್ತಿದ್ದಾರೆ.

ನನ್ನ ಜೊತೆಗಿದ್ದ ಹಿರಿಯರೊಬ್ಬರು ಜೇಬಿನಿಂದ ಒಂದು ಗೇಣುದ್ದ ತಂತಿ ತೆಗೆದರು. ಎರಡು ಟರ್ಮಿನಲ್ ಮಧ್ಯೆ ಅದನ್ನು ಇಟ್ಟರೆ ಪಾಯಿಂಟ್ ಏನಾದರೂ ಇರಲಿ, ಡಿಟೆಕ್ಷನ್ ಬಂದ ಹಾಗೆ ಕಾಣುತ್ತದೆ. ಸಿಗ್ನಲ್ ಆಫ್ ಆಗುತ್ತದೆ. "ಪಾಯಿಂಟ್ ಸರಿಯಾಗಿದೆ, ನಾನೇ ಕಣ್ಣಾರೆ ನೋಡಿ ಬಂದೆ, ಎರಡು ನಿಮಿಷ ಅಷ್ಟೇ" ಎಂದರು. ಅವರು ಹೇಳಿದ್ದು ನಿಜವೂ ಇತ್ತು, ಪಾಯಿಂಟ್ ಸರಿಯಾಗಿಯೇ ಕೂತಿತ್ತು. ನಾನು ಬೇಡ ಎಂದೆ. ಧೈರ್ಯದಿಂದ ಅಲ್ಲ, ಹೆದರಿಕೆಯಿಂದ. ಮೆಮೊ ಬರೆದೆವು. ಗಾಡಿಗಳು ಒಂದೂವರೆ ಗಂಟೆ ತಡವಾದವು. ಬೈಸಿಕೊಂಡೆವು. ಕೊನೆಗೆ ಸಿಕ್ಕ ಕಾರಣ ಪೆಟ್ಟಿಗೆಯೊಳಗೆ ನೀರು. ಆ ಹಿರಿಯರು ನನ್ನ ಜೊತೆ ಒಂದು ವಾರ ಮಾತಾಡಲಿಲ್ಲ.

ಕ್ಯಾಬಿನ್ ರಾಯರು:
ಸಹಿ ಹಾಕುವ ಕಡೆ ಕೂತವನು ನಾನು. ಮೆಮೊ ಕಂಡರೆ ಮುಖ ಸಿಂಡರಿಸಿಕೊಂಡದ್ದು ಉಂಟು. ಈಗ ಒಪ್ಪಿಕೊಳ್ಳುತ್ತೇನೆ.

ಗೇಟ್ ಕಾಯುವವ:
ರಾಯರೇ, ನಮ್ಮಜ್ಜಿ "ಕೈಮರ ಬಿತ್ತು, ಏಳಿ ಏಳಿ" ಅಂತ ಸ್ಟೇಷನ್ನಿಗೆ ಓಡಿಸುತ್ತಿದ್ದಳು. ಕೈಮರ ಅಂದರೆ ಇದೇ ಸಿಗ್ನಲ್ಲಾ?

ಕ್ಯಾಬಿನ್ ರಾಯರು:
ಅದೇ. ಕಂಬದ ಮೇಲೆ ಒಂದು ಕೈ. ಅಡ್ಡ ಇದ್ದರೆ ನಿಲ್ಲು, ಕೆಳಗೆ ಬಾಗಿದರೆ ಬಾ. ಊರಿಗೆಲ್ಲ ಅದೇ ಗಡಿಯಾರ. ಕೈಮರ ಬಿದ್ದ ಮೇಲೆ ಮನೆಯಿಂದ ಹೊರಟರೂ ಗಾಡಿ ಸಿಗುತ್ತಿತ್ತು. ಯಾಕೆಂದು ಈಗ ನಿಮಗೆ ಗೊತ್ತಲ್ಲ, ಗಾಡಿ ಇನ್ನೂ ದೂರ ಇರುವಾಗಲೇ ಅದನ್ನು ಬೀಳಿಸಬೇಕು. ಆ ಕೈ ಬೀಳುವುದು "ಹೋಗು" ಎನ್ನುವುದಕ್ಕೆ, ಹಾಗಾಗಿ ತಂತಿ ಕಿತ್ತರೆ ಕೈ ತಾನೇ ಮೇಲೆದ್ದು ಅಡ್ಡ ನಿಲ್ಲಲಿ ಎಂದು ಇನ್ನೊಂದು ಬದಿಗೆ ಭಾರ ಕಟ್ಟಿರುತ್ತಿದ್ದರು. ಆಮೇಲೆ ಬಂದ ಕೈಗಳು ಮೇಲಕ್ಕೆ ಏಳುವಂಥವು. ಅವಕ್ಕೆ ಆ ತಾಪತ್ರಯವಿಲ್ಲ, ತಮ್ಮ ತೂಕಕ್ಕೇ ಅಡ್ಡ ಬೀಳುತ್ತಿದ್ದವು.

ಕಿಟಕಿ ಸೀಟು:
ನಿನ್ನೆ ವಾಪಸ್ ಬಂದೆ. ಅದೇ ಸ್ಟೇಷನ್ನಿನಲ್ಲಿ ಮತ್ತೆ ಕ್ರಾಸಿಂಗ್. ಈ ಸಲ ನಾವು ಲೂಪಿನಲ್ಲಿ ಮೊದಲೇ ನಿಂತಿದ್ದೆವು. ಇಳಿದು ಪ್ಲಾಟ್‌ಫಾರಂ ತುದಿಯವರೆಗೆ ಹೋದೆ. ಎದುರಿನ ಗಾಡಿ ಹೋದ ಮೇಲೆ ಗರ್ರ್ ಎಂಬ ಸದ್ದು ಕೇಳಿಸಿತು. ನಾಲಗೆ ಸರಿಯಿತು. ಆಮೇಲೆ ಎರಡು ಮೂರು ಸೆಕೆಂಡು ಏನೂ ಇಲ್ಲ. ಆಮೇಲೆ ನಮ್ಮ ಸಿಗ್ನಲ್ ಹಳದಿಯಾಯಿತು. ಓಡಿ ಬಂದು ಹತ್ತಿದೆ.

ಒಂದು ಸಂದೇಹ ಮಾತ್ರ ಉಳಿಯಿತು. ಮುಂದೆ ಇನ್ನೊಂದು ಸ್ಟೇಷನ್ನಿಗೆ ಲೂಪಿನಲ್ಲಿ ಹೋಗುವಾಗ ಗುಂಡಣ್ಣ ಹೇಳಿದ ಐದು ಬಿಳಿ ದೀಪ ಎಣಿಸಿದೆ. ನಾಲ್ಕೇ ಉರಿಯುತ್ತಿದ್ದವು. ಆದರೂ ಗಾಡಿ ಬಿಟ್ಟರು. ಇದು ಸರಿಯಾ?

ಟೆಸ್ಟ್ ಲ್ಯಾಂಪ್:
ಸರಿ. ಐದರಲ್ಲಿ ಮೂರು ಉರಿದರೆ ಸಾಕು, ದಿಕ್ಕು ಗೊತ್ತಾಗುತ್ತದೆ. ಮೂರಕ್ಕಿಂತ ಕಡಿಮೆಯಾದರೆ ಕೆಳಗಿನ ಹಳದಿಯೂ ಹತ್ತುವುದಿಲ್ಲ, ಕೆಂಪಿನಲ್ಲೇ ನಿಲ್ಲುತ್ತದೆ. ದೀಪ ಉರಿಯುತ್ತಿದೆಯೇ ಎಂದು ನೋಡಿಕೊಳ್ಳುವುದಕ್ಕೂ ಒಂದು ರಿಲೇ ಇದೆ. ನೀವು ನೋಡಿದ ಆ ಒಂದು ಬಲ್ಬನ್ನು ಇಷ್ಟು ಹೊತ್ತಿಗೆ ಯಾರೋ ಏಣಿ ಹತ್ತಿ ಬದಲಿಸಿರುತ್ತಾರೆ.